ಸಿಡಿಯದ ಮೊದಲ ಗುಂಡು

ಮಂಗಳವಾರ ಬೆಳಿಗ್ಗೆ 9.20ಕ್ಕೆ ಗಾಯಗೊಂಡ ಕಾನ್‌ಸ್ಟೆಬಲ್‌ನ ಹೆಂಡತಿ ಠಾಣೆಗೆ ಬಂದು ದೂರು ಕೊಟ್ಟರು.

"ನಿನ್ನೆ ಸಂಜೆ ಕಳ್ಳ ಮಚ್ಚು ಎತ್ತಿದಾಗ ಇವರು ಟ್ರಿಗರ್ ಎಳೆದ್ರಂತೆ. ಟಕ್ ಅಂತು, ಅಷ್ಟೆ. ಬಲಗೈಗೆ ಏಟು ಬಿತ್ತು. ಹೊಸ ಪಿಸ್ತೂಲೇ ಕೈಕೊಟ್ರೆ ಯಾರನ್ನ ನಂಬೋದು ಸಾರ್?"

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು.

11 ಗಂಟೆಗೆ ಫೈರಿಂಗ್ ರೇಂಜಿನಲ್ಲಿ ಪಂಚನಾಮೆ ನಡೆಯಿತು. ಹಳೆಯ ರಿವಾಲ್ವರುಗಳ ಬದಲು ಕೊಳ್ಳುವ ಮುನ್ನ ಪರೀಕ್ಷೆಗೆಂದು ತರಿಸಿದ್ದ ಆರು ಡಬಲ್ ಆಕ್ಷನ್ ಪಿಸ್ತೂಲುಗಳಲ್ಲಿ ಕಾನ್‌ಸ್ಟೆಬಲ್‌ನದೂ ಒಂದು. ಮೊದಲ ಗುಂಡಿಗೆ ಟ್ರಿಗರನ್ನು ಬಲವಾಗಿ ಎಳೆಯಬೇಕು. ಆ ಎಳೆತವೇ ಹ್ಯಾಮರನ್ನು ಎತ್ತಿ ಗುಂಡಿನ ಹಿಂಬದಿಗೆ ಬಡಿಸುತ್ತದೆ. ಸಿಡಿಯದ ಗುಂಡಿನ ಮೇಲೆ ಆ ಪೆಟ್ಟಿನ ಗುರುತು ಉಗುರು ತಾಗಿದಷ್ಟೇ ಇತ್ತು.

ಹೆಡ್ ಕಾನ್‌ಸ್ಟೆಬಲ್ ಟ್ರಿಗರಿಗೆ ತೂಕದ ಕೊಕ್ಕೆ ಸಿಕ್ಕಿಸಿ ಎಳೆದ. "ಮೂರು ಕಿಲೋ ಸಾರ್. ಹೋದ ವಾರದ ವರದೀಲಿ ಐದೂವರೆ ಇದೆ. ಇನ್ನೂರು ಗುಂಡು ಹಾರಿಸಿದ್ರೂ ಒಂದೂ ತಪ್ಪಿರ್ಲಿಲ್ಲ."

"ತಾನಾಗೇ ಇಷ್ಟು ಸಡಿಲ ಆಗುತ್ತಾ?"

"ಇಲ್ಲ ಸಾರ್. ಯಾರೋ ಕೈಯಾಡಿಸಿದ್ದಾರೆ."

ಹಿಡಿ ಬಿಚ್ಚಿದರು. ಹ್ಯಾಮರಿನ ಸ್ಪ್ರಿಂಗ್ ಎರಡು ಸುತ್ತು ಗಿಡ್ಡವಾಗಿತ್ತು; ಅದಕ್ಕೇ ಪೆಟ್ಟಿಗೆ ಬಲವಿರಲಿಲ್ಲ. ಕತ್ತರಿಸಿದ ತುದಿಗೆ ಅರ ಹಾಕಿ ನಯಮಾಡಲಾಗಿತ್ತು. ಅಷ್ಟು ಅಚ್ಚುಕಟ್ಟಾದ ಕೆಲಸ ಯಾರದೆಂದು ಇನ್‌ಸ್ಪೆಕ್ಟರಿಗೆ ಗೊತ್ತಿತ್ತು. ಆದರೂ ಕೀಲಿ ಪುಸ್ತಕ ತರಿಸಿದರು. ವಾರದಿಂದ ಶಸ್ತ್ರಾಗಾರ ತೆರೆದವರು ಒಬ್ಬರೇ: ಬಂದೂಕು ರಿಪೇರಿಯ ಮೇಷ್ಟ್ರು.

ಇಪ್ಪತ್ತೆರಡು ವರ್ಷದ ಹಿಂದೆ ಇದೇ ರೇಂಜಿನಲ್ಲಿ, ಮೊದಲ ಸಲ ರಿವಾಲ್ವರ್ ಹಿಡಿದಿದ್ದ ಇನ್‌ಸ್ಪೆಕ್ಟರ ಮಣಿಕಟ್ಟಿಗೆ ಮೇಷ್ಟ್ರು ಎರಡು ಬೆರಳು ಆನಿಸಿದ್ದರು. "ಹೆದರ್ಬೇಡ ಮರಿ, ಅದಕ್ಕೂ ನಿನ್ನಷ್ಟೇ ಭಯ" ಎಂದು ನಗಿಸಿದ್ದರು. ಎಣ್ಣೆ, ಮದ್ದಿನ ವಾಸನೆ, ಎಳೆಬಿಸಿಲು. ಅಷ್ಟು ಹಗುರಾದ ಬೆಳಗುಗಳು ಮತ್ತೆ ಬಂದಿರಲಿಲ್ಲ.

ಮಧ್ಯಾಹ್ನ 3.30. ಶಸ್ತ್ರಾಗಾರ.

"ಸ್ಪ್ರಿಂಗ್ ಕತ್ತರಿಸಿದ್ದು ನೀವಾ ಮೇಷ್ಟ್ರೇ?"

"ಹೌದಪ್ಪಾ. ಶನಿವಾರ. ನಾಳೆಯ ಕೊನೇ ಪರೀಕ್ಷೇಲಿ ಫೇಲಾಗ್ಲಿ ಅಂತ."

"ಪಿಸ್ತೂಲಲ್ಲಿ ದೋಷ ಇತ್ತಾ?"

"ಎಲ್ಲಿಂದ? ನಾನು ಕಂಡಿದ್ರಲ್ಲೇ ಒಳ್ಳೇದು. ಅದಕ್ಕೇ ಹೊಟ್ಟೆ ಉರೀತು."

"ನಿನ್ನೆ ಆ ಕಾನ್‌ಸ್ಟೆಬಲ್ ಡ್ಯೂಟಿಗೆ ಕೇಳಿದಾಗ ಯಾಕೆ ಕೊಟ್ರಿ?"

ಮೇಷ್ಟ್ರು ತಲೆ ತಗ್ಗಿಸಿದರು. "ಕೊಡಲ್ಲ ಅಂದಿದ್ರೆ ಯಾಕೆ ಅಂತ ಕೇಳ್ತಿದ್ದ. ಒಂದು ದಿನ ತಾನೆ ಅಂದ್ಕೊಂಡೆ."

4.10ಕ್ಕೆ ಬಂಧನವಾಯಿತು. ಕಾರಣವನ್ನು ಮೇಷ್ಟ್ರೇ ಹೇಳಿ ಬರೆಸಿದರು. ಹಳೆಯ ರಿವಾಲ್ವರುಗಳ ಒಂದೊಂದು ಭಾಗವನ್ನೂ ಮೂವತ್ತೊಂದು ವರ್ಷ ಅವರೇ ಅರ ಹಾಕಿ ಕೂಡಿಸಿದ್ದರು. ಹೊಸದರ ಬಿಡಿಭಾಗಗಳು ಡಬ್ಬಿಯಲ್ಲಿ ಬರುತ್ತವೆ, ಯಾರು ಸಿಕ್ಕಿಸಿದರೂ ಕೂರುತ್ತವೆ. ತಮ್ಮ ಕೈ ಇನ್ನು ಯಾರಿಗೂ ಬೇಡವಾಗುತ್ತದೆಂದು ಹೆದರಿದ್ದರು.

ಸಹಿ ಹಾಕಿ ಕೇಳಿದರು: "ಆ ಹುಡುಗನ ಬೆರಳು ಆಡುತ್ತಾ?"

"ಎರಡು ಆಡ್ತವೆ," ಎಂದರು ಇನ್‌ಸ್ಪೆಕ್ಟರ್.