ಕಲ್ಲು ಒಡೆಯುವವಳ ಉಗುರು

ನಾಟಕ ಆರಂಭವಾಗುವ ಹೊತ್ತಿಗೆ ನಾಯಕಿಯ ಕಣ್ಣುಗಳೆರಡೂ ಮುಚ್ಚಿಹೋಗಿದ್ದವು. ರೆಪ್ಪೆಗಳು ಊದಿದ್ದವು. ಕುತ್ತಿಗೆಯ ತುಂಬ ದದ್ದು. ಅವಳನ್ನು ಆಸ್ಪತ್ರೆಗೆ ಸಾಗಿಸಿದರು. ಮಾತುಗಳೆಲ್ಲ ಬಾಯಿಪಾಠವಾಗಿದ್ದ ಅವಳ ತಂಗಿ ಅದೇ ಪಾತ್ರದಲ್ಲಿ ರಂಗಕ್ಕೇರಿದಳು, ಚಪ್ಪಾಳೆ ಗಿಟ್ಟಿಸಿದಳು.

ಮರುದಿನ ತಂಡದ ಯಜಮಾನ ಪೊಲೀಸರಿಗೆ ದೂರು ಕೊಟ್ಟ. ನಟರಿಗೆ ಬಣ್ಣ ಹಚ್ಚುವ ಬಣ್ಣದಜ್ಜ ನಾಯಕಿಯ ಕಾಡಿಗೆಯಲ್ಲಿ ಏನನ್ನೋ ಬೆರೆಸಿದ್ದಾನೆ ಎಂಬುದು ಆರೋಪ. ಬಣ್ಣದ ಕೋಣೆಯ ಬೀಗದ ಕೈಯನ್ನೂ ಅವನಿಂದ ಕಸಿದುಕೊಂಡ.

* * *

“ಜೀವಮಾನವೆಲ್ಲ ಬೇರೆಯವರ ಮುಖಕ್ಕೆ ಬಣ್ಣ ಹಚ್ಚಿದೆ, ಮೇಡಂ. ಈಗ ನನ್ನ ಮುಖಕ್ಕೇ ಮಸಿ ಬಳಿದ್ರು,” ಎಂದ ಬಣ್ಣದಜ್ಜ.

“ನಾಯಕಿ ಜೊತೆ ಜಗಳ ಆಗಿತ್ತಂತೆ?” ಇನ್‌ಸ್ಪೆಕ್ಟರ್ ಕೇಳಿದಳು.

“ದಿನಾ ಆಗುತ್ತೆ! ಪಾತ್ರ ಕಲ್ಲು ಒಡೆಯೋಳದ್ದು. ಕೈಗೆ ಮಣ್ಣು ಬಳಿಯೋಕೆ ಹೋದ್ರೆ ಮೂಗು ಮುರೀತಾಳೆ. ನಿನ್ನೆ ಅಂತೂ ಉಗುರಿಗೆ ಮಣ್ಣು ಹಿಡೀಲೇ ಇಲ್ಲ, ಜಾರ್ತಿತ್ತು.”

“ಕಾಡಿಗೆ?”

“ಎಲ್ಲರಿಗೂ ಒಂದೇ ಡಬ್ಬಿ. ಆಮೇಲೆ ತಂಗಿಗೂ ಅದನ್ನೇ ಹಚ್ಚಿದೆ.”

ತಂಗಿಗೆ ಏನೂ ಆಗಿರಲಿಲ್ಲ. ಅದೂ ಅಲ್ಲದೆ, ಕುತ್ತಿಗೆಗೆ ಕಾಡಿಗೆ ಹಚ್ಚುವವರುಂಟೆ?

* * *

ಆಸ್ಪತ್ರೆಯಲ್ಲಿ ತಂಗಿ ಅಕ್ಕನ ರೆಪ್ಪೆಗಳ ಮೇಲೆ ಒದ್ದೆ ಬಟ್ಟೆ ಇಡುತ್ತಿದ್ದಳು. ಇನ್‌ಸ್ಪೆಕ್ಟರ್ ಅಕ್ಕನ ಕೈಯನ್ನು ಬೆಳಕಿಗೆ ಹಿಡಿದಳು. ಉಗುರುಗಳು ಫಳಫಳ ಹೊಳೆದವು.

“ಇದನ್ನ ಯಾರು ಹಚ್ಚಿದ್ದು?”

“ಇವಳೇ, ಮೊನ್ನೆ,” ಎಂದಳು ಅಕ್ಕ. “ಬಣ್ಣ ಇಲ್ಲದ ಪಾಲಿಶ್, ಅಜ್ಜಂಗೆ ಗೊತ್ತಾಗಲ್ಲ ಅಂದ್ಲು.”

ಇನ್‌ಸ್ಪೆಕ್ಟರ್ ತಂಗಿಯತ್ತ ತಿರುಗಿದಳು. “ನಿಮ್ಮ ಉಗುರಿಗೆ ಯಾಕಿಲ್ಲ?”

“ನಂಗೆ ಆಗಿಬರಲ್ಲ.”

“ಹಚ್ಚಿದ್ರೆ ಏನಾಗುತ್ತೆ?”

ತಂಗಿ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು. ಕೊನೆಗೆ, “ರೆಪ್ಪೆ ಊದುತ್ತೆ,” ಎಂದಳು.

ಚರ್ಮದ ವೈದ್ಯರು ಇನ್‌ಸ್ಪೆಕ್ಟರಿಗೆ ವಿವರಿಸಿದ್ದುದೂ ಅದನ್ನೇ. ಪಾಲಿಶ್ ಒಗ್ಗದವರ ಬೆರಳಿಗೆ ಎಷ್ಟೋ ಸಲ ಏನೂ ಆಗುವುದಿಲ್ಲ. ಆ ಬೆರಳು ಎಲ್ಲಿ ಸೋಕುವುದೋ, ಎಲ್ಲಿ ಚರ್ಮ ತೆಳುವೋ, ಅಲ್ಲಿ ಊತ ಏಳುತ್ತದೆ: ರೆಪ್ಪೆಯಲ್ಲಿ, ಕುತ್ತಿಗೆಯಲ್ಲಿ. ಅದಕ್ಕೆ ಒಂದೆರಡು ದಿನ ಹಿಡಿಯುವುದೂ ಉಂಟು.

“ಅಕ್ಕನಿಗೂ ಹೀಗಾಗುತ್ತೆ ಅಂತ ಗೊತ್ತಿತ್ತಾ?”

“ಹೋದ ಸಲ ಹಚ್ಚಿದಾಗ ಅವಳ ಕಣ್ಣು ಕೆಂಪಾಗಿ ಕಡೀತಿತ್ತು. ನಿದ್ದೆಗೆಟ್ಟಿದ್ದಕ್ಕೆ ಅಂದ್ಕೊಂಡ್ಲು. ನಾನು ಸುಮ್ಮನಿದ್ದೆ.” ಅವಳು ಬಟ್ಟೆಯನ್ನು ಕೆಳಗಿಟ್ಟಳು. “ಒಂದೇ ಒಂದು ಸಲ ಆ ಪಾತ್ರ ಮಾಡ್ಬೇಕಿತ್ತು. ಇಷ್ಟೊಂದು ಊದುತ್ತೆ ಅಂದ್ಕೊಂಡಿರಲಿಲ್ಲ. ಅಜ್ಜನ ಮೇಲೆ ಬರುತ್ತೆ ಅಂತಾನೂ...”

ಸಂಜೆಯೊಳಗೆ ಬೀಗದ ಕೈ ಬಣ್ಣದಜ್ಜನಿಗೆ ಮರಳಿತು. ಅವನು ಅದನ್ನು ಜೇಬಿಗಿಳಿಸಿದನೇ ಹೊರತು ಕೋಣೆಯನ್ನು ತೆರೆಯಲಿಲ್ಲ.

ಆಸ್ಪತ್ರೆಯಲ್ಲಿ, ತಂಗಿಯನ್ನು ಠಾಣೆಗೆ ಕರೆದೊಯ್ಯುವ ಮೊದಲು, ಅಕ್ಕ ತಡಕಾಡಿ ಅವಳ ಕೈ ಹಿಡಿದಳು.

“ಕೇಳಿದ್ರೆ ನಾನು ಬಿಟ್ಟುಕೊಡ್ತಿರಲಿಲ್ವೇನೇ?”

ತಂಗಿ ಅಕ್ಕನ ಹೊಳೆಯುವ ಉಗುರುಗಳನ್ನೇ ನೋಡಿದಳು.

“ಚೆನ್ನಾಗಿ ಮಾಡಿದ್ಯಂತೆ. ಎಲ್ಲರೂ ಹೇಳಿದ್ರು. ನಾನೂ ಮುಂದಿನ ಸಾಲಲ್ಲೇ ಕೂತು ನೋಡ್ಬಹುದಿತ್ತಲ್ಲೇ...”