ತೆರೆಯದ ಡಬ್ಬಿಗಳು

ಭದ್ರಾವತಿಯ ಚರಂಡಿಯಲ್ಲಿ ಸಿಕ್ಕಿಕೊಂಡಿದ್ದ ಗೋಣಿಚೀಲವನ್ನು ಪೌರಕಾರ್ಮಿಕೆ ಹೂವಮ್ಮ ಬರಿಗೈಯಲ್ಲೇ ಎಳೆದಳು. ಚೀಲ ಹರಿಯಿತು. ಪ್ಲಾಸ್ಟಿಕ್ ಡಬ್ಬಿಗಳು ರಸ್ತೆಗೆ ಉರುಳಿದವು. ಒಳಗೆ ಹಳದಿ, ಹಸಿರು ಕಫ. ಕೆಲವಕ್ಕೆ ಬೂಸ್ಟು ಹಿಡಿದಿತ್ತು.

ಸುದ್ದಿ ತಿಳಿದು ಬಂದ ಸಬ್‌ಇನ್‌ಸ್ಪೆಕ್ಟರ್ ಪ್ರಿಯದರ್ಶಿನಿ ಮೂಗಿಗೆ ಕರವಸ್ತ್ರ ಒತ್ತಿ ಬಗ್ಗಿದಳು. ಪ್ರತಿ ಡಬ್ಬಿಯ ಮೇಲೂ ಹೆಸರು, ತಾರೀಕು, ಪಕ್ಕದ ಬೀದಿಯ ಲ್ಯಾಬಿನ ಚೀಟಿ. ಮುಚ್ಚಳಕ್ಕೆ ಸುತ್ತಿದ ಟೇಪನ್ನು ಯಾರೂ ಬಿಚ್ಚಿರಲಿಲ್ಲ.

ಹಾಗಾದರೆ ಪರೀಕ್ಷೆ ಮಾಡಿದ್ದು ಹೇಗೆ?

* * *

ಚೀಟಿಯೊಂದರಲ್ಲಿ ಹೆಸರಿದ್ದ ಹಿರಿಯಣ್ಣ ಶಿವಮೊಗ್ಗದ ಆಸ್ಪತ್ರೆಯಲ್ಲಿ ಸಿಕ್ಕ. ಗದ್ದೆಯಲ್ಲಿ ಕೆಸರು ಹೊಡೆಯುವ ಟ್ರ್ಯಾಕ್ಟರ್ ಚಾಲಕ. ಸಕ್ಕರೆ ಕಾಯಿಲೆ ಇತ್ತು. ಲ್ಯಾಬಿನ ವರದಿ ನಂಬಿ ನಾಲ್ಕು ತಿಂಗಳು ಕ್ಷಯದ ಮಾತ್ರೆ ನುಂಗಿದ್ದ. ಈಗ ಮೂಳೆ ಚಕ್ಕಳವಾಗಿದ್ದ.

ರಕ್ತವನ್ನು ಕಲ್ಚರ್‌ಗೆ ಇಟ್ಟಾಗ ಬೇರೆಯೇ ಬ್ಯಾಕ್ಟೀರಿಯಾ ಬೆಳೆಯಿತೆಂದು ಡಾಕ್ಟರ್ ನರಸಿಂಹಮೂರ್ತಿ ವಿವರಿಸಿದರು. ಕಾಯಿಲೆಯ ಹೆಸರು ಮೆಲಿಯಾಯ್ಡೋಸಿಸ್. ಅಪರೂಪದ್ದು. ಕೆಸರು, ನೀರಿನಲ್ಲಿರುವ ರೋಗಾಣು ಗಾಯದಿಂದಲೋ ಉಸಿರಿನಿಂದಲೋ ಒಳಹೊಕ್ಕು ಶ್ವಾಸಕೋಶದಲ್ಲಿ ಕೀವು ಕಟ್ಟಿಸುತ್ತದೆ. ಎಕ್ಸ್‌ರೇಯಲ್ಲಿ ಕ್ಷಯದಂತೆಯೇ ಕಾಣುತ್ತದೆ.

“ಕ್ಷಯದ ಮಾತ್ರೆ ಇದಕ್ಕೆ ನಾಟೋದಿಲ್ಲ. ಕೆಲವು ವಾರ ನರಕ್ಕೆ ಇಂಜೆಕ್ಷನ್, ಆಮೇಲೆ ತಿಂಗಳುಗಟ್ಟಲೆ ಬೇರೆ ಮಾತ್ರೆ. ಕಫ ಸರಿಯಾಗಿ ನೋಡಿದ್ರೆ ಆಗಲೇ ಅನುಮಾನ ಬರ್ತಿತ್ತು.”

* * *

ಲ್ಯಾಬಿನ ಮಾಲೀಕ ಜ್ಞಾನೇಶ್ ತಪ್ಪನ್ನೆಲ್ಲ ಟೆಕ್ನಿಶಿಯನ್ ಆಕರ್ಷನ ಮೇಲೆ ಹಾಕಿದ. ಅವನು ಸೋಮಾರಿ, ಹೇಳದೆ ಕೇಳದೆ ಓಡಿಹೋದ ಎಂದ. ವರದಿಗಳ ಕೆಳಗೆ ಆಕರ್ಷನ ಸಹಿಯೇ ಇತ್ತು. ಫೋನ್ ಬೇರೆ ಸ್ವಿಚ್ ಆಫ್.

ಎರಡು ದಿನ ಹುಡುಕಿದ ಮೇಲೆ ಆಕರ್ಷ ಶಿವಮೊಗ್ಗದ ದುರ್ಗಿಗುಡಿಯ ಔಷಧದಂಗಡಿಯೊಂದರಲ್ಲಿ ಕೆಲಸ ಮಾಡುತ್ತ ಸಿಕ್ಕ. ಹಿರಿಯಣ್ಣನ ವರದಿಯನ್ನು ತಿರುಗಿಸಿ ನೋಡಿದ.

“ಇದು ನನ್ನ ಸಹಿ ಅಲ್ಲ ಮೇಡಂ. ನಾನು ಅಲ್ಲಿ ಕೆಲಸ ಬಿಟ್ಟು ವರ್ಷದ ಮೇಲಾಯ್ತು.”

ಅಂಗಡಿಯ ಹಾಜರಿ ಪುಸ್ತಕವೂ ಅದನ್ನೇ ಹೇಳಿತು. ಡಬ್ಬಿಗಳ ಮೇಲಿನ ತಾರೀಕುಗಳೆಲ್ಲ ಆರು ತಿಂಗಳ ಈಚಿನವು.

* * *

ಪ್ರಿಯದರ್ಶಿನಿ ಲ್ಯಾಬಿಗೆ ಮರಳಿದಳು. ಆಕರ್ಷ ಇಲ್ಲದ ಮೇಲೆ ಕಫ ನೋಡುವವರು ಯಾರೆಂದು ಕೇಳಿದಳು. ತಾನೇ ನೋಡುವುದಾಗಿ, ಇವತ್ತು ಬೆಳಿಗ್ಗೆಯೂ ಮೂರು ನೋಡಿದ್ದಾಗಿ ಹೇಳಿದ ಜ್ಞಾನೇಶ್.

ಅವಳು ಮೈಕ್ರೋಸ್ಕೋಪಿನ ಸ್ವಿಚ್ ಒತ್ತಿದಳು. ಹತ್ತಲಿಲ್ಲ. ಬಲ್ಬೇ ಇರಲಿಲ್ಲ. ಆ ಜಾಗದಲ್ಲಿ ಜೇಡ ಬಲೆ ಕಟ್ಟಿತ್ತು. ಕಫಕ್ಕೆ ಹಾಕುವ ಬಣ್ಣದ ದ್ರಾವಣ ಬಾಟಲಿಯ ತಳದಲ್ಲಿ ಒಣಗಿ ಹೆಕ್ಕಳಿಕೆಯಾಗಿತ್ತು.

ಜ್ಞಾನೇಶ್ ಕುರ್ಚಿಯಲ್ಲಿ ಕುಸಿದ. ರೋಗಿಗಳು ತಂದ ಎಕ್ಸ್‌ರೇಯಲ್ಲಿ ಕಲೆ ಇದ್ದರೆ ಕ್ಷಯವೆಂದು, ಇಲ್ಲದಿದ್ದರೆ ಏನೂ ಇಲ್ಲವೆಂದು ಟೈಪ್ ಮಾಡಿ ಆಕರ್ಷನ ಸಹಿ ಹಾಕುತ್ತಿದ್ದನಂತೆ.

“ಯಾಕೆ?”

“ಕಂಡೋರ ಕಫ ಮುಟ್ಟೋಕೆ ಅಸಹ್ಯ ಮೇಡಂ. ವಾಕರಿಕೆ ಬರುತ್ತೆ.”

ಅವನ ಬಿಳಿ ಕೋಟಿನ ಇಸ್ತ್ರಿ ಮುರಿದಿರಲಿಲ್ಲ. ಪ್ರಿಯದರ್ಶಿನಿ ಅವನನ್ನು ಜೀಪಿಗೆ ಹತ್ತಿಸಿದಳು.

* * *

ಹಿರಿಯಣ್ಣನ ಜ್ವರ ಇಂಜೆಕ್ಷನ್ನಿಗೆ ಇಳಿಯತೊಡಗಿತು. ಡಬ್ಬಿಗಳ ಮೇಲೆ ಹೆಸರಿದ್ದ ಉಳಿದವರನ್ನೂ ಮತ್ತೆ ಪರೀಕ್ಷಿಸಬೇಕಿತ್ತು. ಪ್ರಿಯದರ್ಶಿನಿ ಠಾಣೆಯಲ್ಲಿ ಜ್ಞಾನೇಶನನ್ನು ಎದುರಿಗೆ ಕೂರಿಸಿಕೊಂಡು, ಫೋನಿನ ಸ್ಪೀಕರ್ ಹಾಕಿ, ಒಬ್ಬೊಬ್ಬರಿಗೇ ಕರೆ ಮಾಡಿದಳು. ಏಳನೆಯ ಕರೆಯನ್ನು ಎತ್ತಿದ್ದು ಒಬ್ಬ ಹುಡುಗಿ.

“ಅಪ್ಪ ಹೋಗಿ ತಿಂಗಳಾಯ್ತು. ರಿಪೋರ್ಟಲ್ಲಿ ಏನೂ ಇಲ್ಲ ಅಂತ ಬಂದಿತ್ತಲ್ಲ ಮೇಡಂ?”