ಒಂದು ಗಂಟೆಯ ದಾರಿ

ಬಸ್ಸಿನ ಐದು ಪಟ್ಟು ದುಡ್ಡು ಸುರಿದು ವಿಮಾನದ ಟಿಕೆಟ್ ತೆಗೆದೆ. ಬಸ್ಸಿಗೆ ಇಡೀ ಹಗಲಿನ ದಾರಿ, ವಿಮಾನಕ್ಕೆ ಒಂದೇ ಗಂಟೆ. ನಾನೂ ಅಣ್ಣನೂ ಕ್ಷೌರಿಕರು. ಆಸ್ಪತ್ರೆಯಲ್ಲಿ ಮಲಗಿದ್ದ ಅವನು ಫೋನಿನಲ್ಲಿ, "ಬೇಗ ಬಾರೋ, ನನ್ನ ಗಡ್ಡ ಇನ್ನೊಬ್ಬನ ಕೈಗೆ ಕೊಡಲ್ಲ" ಎಂದು ನಕ್ಕಿದ್ದ.

ಬೆಳಿಗ್ಗೆ ನುಣ್ಣಗೆ ಗಡ್ಡ ಹೆರೆದುಕೊಂಡು ಹತ್ತಿದೆ. ಒಳಗೆ ಮೂಳೆ ಕೊರೆಯುವ ಚಳಿ. ಕಿಟಕಿಯಾಚೆ ಒಂದೇ ಮೋಡ ಕದಲದೆ ನಿಂತಿತ್ತು. ಯಾರೊಬ್ಬರೂ ಕೆಮ್ಮಲಿಲ್ಲ. "ಇನ್ನೇನು ಬಂತು" ಎಂದಳು ಗಗನಸಖಿ. ಮತ್ತೆ ಮತ್ತೆ ಅದೇ ದನಿಯಲ್ಲಿ ಅದನ್ನೇ ಎಂದಳು.

ಇಳಿದಾಗ ನನ್ನ ಕೈಗಡಿಯಾರದಲ್ಲಿ ಒಂದೇ ಗಂಟೆ ಕಳೆದಿತ್ತು. ಚಳಿಗೆ ಕೆನ್ನೆ ಉಜ್ಜಿಕೊಂಡೆ. ಕತ್ತಿ ಹಿಡಿದು ಪಳಗಿದ ಬೆರಳಿಗೆ ಮೋಸವಾಗದು. ಅದು ನಾಲ್ಕು ದಿನದ ಗಡ್ಡ.

ಇಳಿದೊಡನೆ ಫೋನ್ ಮಾಡಿದರೆ ಆಸ್ಪತ್ರೆಯ ಬದಲು ಮನೆಗೇ ಬಾ ಎಂದಷ್ಟೇ ಹೇಳಿ ಇಟ್ಟಿದ್ದ ಅತ್ತಿಗೆ ಬಾಗಿಲಲ್ಲೇ ಕೇಳಿದಳು: "ನಾಲ್ಕು ದಿನ ಎಲ್ಲಿ ಹಾಳಾಗಿದ್ಯೋ?"

ಅಣ್ಣ ಹೋಗಿದ್ದ. ಅವನ ಕೊನೆಯ ಕ್ಷೌರ ಯಾರೋ ಅಪರಿಚಿತನ ಕೈಯಲ್ಲಾಗಿತ್ತು.